ಬ್ರಿಟನ್ನಿನ ಬಾಡಿಗೆ ಮನೆಯಲ್ಲಿ ಟಿ.ವಿ. ಇಲ್ಲದಿದ್ದರೂ ಲೈಸೆನ್ಸ್ ಬೇಕೇ?

ಹಾಸ್ಟೆಲ್ ಬಿಟ್ಟು ಲೀಡ್ಸ್‌ನ ಬಾಡಿಗೆ ಮನೆಗೆ ನಾಲ್ವರು ಬಂದಿದ್ದೇವೆ, ಟಿ.ವಿ. ಇಲ್ಲ, ಆದರೂ ಟಿ.ವಿ. ಲೈಸೆನ್ಸ್ (ಟಿ.ವಿ. ಪ್ರಸಾರ ನೋಡಲು ಇಲ್ಲಿ ವರ್ಷವರ್ಷ ಹಣ ಕಟ್ಟಿ ಪಡೆಯಬೇಕಾದ ಪರವಾನಗಿ, ಮುಖ್ಯವಾಗಿ ಬಿಬಿಸಿ ನಡೆಯುವುದು ಈ ಹಣದಿಂದ) ಕೇಳಿ ಪತ್ರ ಬಂದಿದೆ, ಹಣ ಕಟ್ಟಬೇಕೇ ಎಂದು ಕೇಳಿದ್ದೀರಿ. ಇಂಗ್ಲೆಂಡಿನಲ್ಲಿದ್ದು ಪ್ರತಿವರ್ಷ ಈ ಲೈಸೆನ್ಸ್ ನವೀಕರಿಸುವವನಾಗಿ ಉತ್ತರಿಸುತ್ತಿದ್ದೇನೆ.

ಮನೆಯಲ್ಲಿ ಟಿ.ವಿ. ಇದೆಯೋ ಇಲ್ಲವೋ ಎಂಬುದಕ್ಕಿಂತ ನೀವು ಏನು ನೋಡುತ್ತೀರಿ ಎಂಬುದೇ ಇಲ್ಲಿ ಮುಖ್ಯ. ಯಾವುದೇ ವಾಹಿನಿಯ ಕಾರ್ಯಕ್ರಮವನ್ನು ಅದು ಪ್ರಸಾರವಾಗುತ್ತಿರುವ ಹೊತ್ತಿನಲ್ಲೇ ನೋಡಿದರೆ ಅಥವಾ ರೆಕಾರ್ಡ್ ಮಾಡಿಕೊಂಡರೆ, ಅದು ಮೊಬೈಲಿನಲ್ಲಾದರೂ ಲ್ಯಾಪ್‌ಟಾಪಿನಲ್ಲಾದರೂ, ಲೈಸೆನ್ಸ್ ಬೇಕು. ಬಿಬಿಸಿಯ ಕಾರ್ಯಕ್ರಮಗಳನ್ನು ಅಂತರ್ಜಾಲದಲ್ಲಿ ತೋರಿಸುವ ಬಿಬಿಸಿ ಐಪ್ಲೇಯರ್‌ನಲ್ಲಾದರೆ 2016ರ ಸೆಪ್ಟೆಂಬರ್‌ನಿಂದ ಹಳೆಯ ಕಂತು ನೋಡುವುದಕ್ಕೂ ಬೇಕು. ನಮ್ಮವರಲ್ಲಿ ಅನೇಕರು, ತಾವು ಬಿಬಿಸಿ ನೋಡುವುದೇ ಇಲ್ಲವಾದ್ದರಿಂದ ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡಿರುತ್ತಾರೆ. ಆದರೆ ಕನ್ನಡ ಸುದ್ದಿವಾಹಿನಿಯ ನೇರ ಪ್ರಸಾರವನ್ನು ಯೂಟ್ಯೂಬಿನಲ್ಲಿ ಹಾಕಿಕೊಂಡರೂ, ಐಪಿಎಲ್ ಪಂದ್ಯವನ್ನು ವಾಹಿನಿಯಲ್ಲಿ ನೇರವಾಗಿ ನೋಡಿದರೂ ನಿಯಮ ಅನ್ವಯಿಸುತ್ತದೆ. ಪ್ರಸಾರ ಭಾರತದ್ದು ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ. ಅದೇ ವಾಹಿನಿಯ ಧಾರಾವಾಹಿಯನ್ನು ಪ್ರಸಾರ ಮುಗಿದ ಮೇಲೆ ಆ್ಯಪಿನಲ್ಲಿ ನೋಡುವುದಕ್ಕೆ, ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ ನೋಡುವುದಕ್ಕೆ ಲೈಸೆನ್ಸ್ ಬೇಡ. ರೇಡಿಯೋ ಕೇಳುವುದಕ್ಕೂ ಬೇಡ (ನಮ್ಮಲ್ಲಿ ಒಂದು ಕಾಲಕ್ಕೆ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು, ಹಿರಿಯರನ್ನು ಕೇಳಿ ನೋಡಿ).

ಇನ್ನು ನಿಮ್ಮ ಬಾಡಿಗೆ ಕರಾರನ್ನು ತೆಗೆದು ನೋಡಿ. ನಾಲ್ವರೂ ಒಂದೇ ಕರಾರಿಗೆ ಸಹಿ ಹಾಕಿದ್ದರೆ ಸಾಮಾನ್ಯವಾಗಿ ಇಡೀ ಮನೆಗೆ ಒಂದು ಲೈಸೆನ್ಸ್ ಸಾಕು, ಖರ್ಚನ್ನು ಹಂಚಿಕೊಳ್ಳಬಹುದು. ಕೋಣೆಗೊಂದರಂತೆ ಪ್ರತ್ಯೇಕ ಕರಾರಿದ್ದರೆ, ತನ್ನ ಕೋಣೆಯಲ್ಲಿ ನೇರ ಪ್ರಸಾರ ನೋಡುವವರು ತಮ್ಮದೇ ಲೈಸೆನ್ಸ್ ಪಡೆಯಬೇಕು. ಮೊಬೈಲ್, ಲ್ಯಾಪ್‌ಟಾಪ್‌ಗಳನ್ನು ವಿದ್ಯುತ್ತಿಗೆ ಜೋಡಿಸದೆ ಅವುಗಳ ಬ್ಯಾಟರಿಯಲ್ಲೇ ನೋಡಿದರೆ ತಂದೆತಾಯಿಯ ಲೈಸೆನ್ಸೇ ಸಾಕು ಎಂದು ಇಲ್ಲಿನ ಸಹಪಾಠಿಗಳು ಹೇಳಬಹುದು. ಆ ಮಾತು ನಿಜವೇ, ಆದರೆ ಅದಕ್ಕೆ ತಂದೆತಾಯಿಯ ಮನೆಗೆ ಇಲ್ಲಿನ ಲೈಸೆನ್ಸ್ ಇರಬೇಕಾದ್ದರಿಂದ ನಮಗೆ ಅದು ಉಪಯೋಗವಿಲ್ಲ.

2025ರ ಏಪ್ರಿಲ್‌ನಲ್ಲಿ ನಿಗದಿಯಾದ ದರ ವರ್ಷಕ್ಕೆ 174.50 ಪೌಂಡ್, ಏಪ್ರಿಲ್‌ನಲ್ಲಿ ದರ ಏರುವುದುಂಟು, ಕಟ್ಟುವ ಮುನ್ನ ಟಿವಿ ಲೈಸೆನ್ಸಿಂಗ್ ಜಾಲತಾಣದಲ್ಲಿ ನೋಡಿಕೊಳ್ಳಿ. ತಿಂಗಳ ಡೈರೆಕ್ಟ್ ಡೆಬಿಟ್ (ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಂತು ಕಡಿತವಾಗುವ ಏರ್ಪಾಡು) ಆರಿಸಿಕೊಂಡರೆ ಮೊದಲ ವರ್ಷದ ಹಣವನ್ನು ಆರು ತಿಂಗಳೊಳಗೇ ವಸೂಲು ಮಾಡುತ್ತಾರೆ, ಹಾಗಾಗಿ ಆರಂಭದ ಕಂತುಗಳು ದೊಡ್ಡದಾಗಿ ಕಂಡರೆ ಗಾಬರಿಯಾಗಬೇಡಿ.

ನೇರ ಪ್ರಸಾರವನ್ನೂ ಐಪ್ಲೇಯರನ್ನೂ ನಿಜವಾಗಿ ಯಾರೂ ನೋಡದಿದ್ದರೆ, ಲೈಸೆನ್ಸ್ ಬೇಡವೆಂದು ಅದೇ ಜಾಲತಾಣದಲ್ಲಿ ಘೋಷಿಸಿಬಿಡಿ. ಪತ್ರವನ್ನು ಕಸದ ಬುಟ್ಟಿಗೆ ಹಾಕಿ ಸುಮ್ಮನಿರುವುದಕ್ಕಿಂತ ಅದು ಲೇಸು. ಪರಿಶೀಲನೆಗೆ ಬರುವ ಅಧಿಕಾರಿ ನ್ಯಾಯಾಲಯದ ವಾರಂಟ್ ಇಲ್ಲದೆ ನಿಮ್ಮ ಅನುಮತಿಯಿಲ್ಲದೆ ಒಳಗೆ ಬರುವಂತಿಲ್ಲ. ಆದರೆ ಲೈಸೆನ್ಸ್ ಇಲ್ಲದೆ ನೋಡಿದ್ದು ಸಾಬೀತಾದರೆ 1,000 ಪೌಂಡ್‌ವರೆಗೆ ದಂಡವಲ್ಲದೆ ನ್ಯಾಯಾಲಯದ ಖರ್ಚೂ ಬೀಳಬಹುದು.

ಲೈಸೆನ್ಸ್ ವಿಳಾಸಕ್ಕೆ ಸಂಬಂಧಿಸಿದ್ದು. ಮನೆ ಬದಲಿಸಿದಾಗ ಹೊಸ ವಿಳಾಸ ತಿಳಿಸಿ. ಓದು ಮುಗಿಸಿ ಊರಿಗೆ ಮರಳುವಾಗ ಅವಧಿಯಲ್ಲಿ ಕನಿಷ್ಠ ಒಂದು ಪೂರ್ಣ ತಿಂಗಳು ಉಳಿದಿದ್ದರೆ, ಬಳಸದ ತಿಂಗಳುಗಳ ಹಣ ವಾಪಸು ಕೇಳಿ ಅರ್ಜಿ ಹಾಕಬಹುದು.