ಬಡ್ತಿಗೆ ಸಹಿ ಹಾಕುವವರೇ ಮಾರ್ಗದರ್ಶಕರಾದಾಗ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸಲಾಗಿದೆ.)

ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಸಹಾಯಕ ಪ್ರಾಧ್ಯಾಪಕರಾಗಿರುವ, ಮೂವತ್ತೈದರ ಆಸುಪಾಸಿನ ಒಬ್ಬರು ನಿದ್ದೆ ಬರುವುದಿಲ್ಲವೆಂಬ ತೊಂದರೆ ಹೇಳಿಕೊಂಡು ಬಂದರು. ಇಲ್ಲಿ ಅವರನ್ನು ‘ಶ’ ಎಂದು ಕರೆಯುತ್ತೇನೆ. ವೈದ್ಯರು ರಕ್ತದೊತ್ತಡ, ಥೈರಾಯ್ಡ್ ಎಲ್ಲವನ್ನೂ ಪರೀಕ್ಷಿಸಿ, ದೈಹಿಕ ಕಾರಣವೇನೂ ಕಾಣದೆ, ಆಪ್ತಸಲಹೆ ಪಡೆಯುವಂತೆ ಸೂಚಿಸಿದ್ದರು. ಬಿ.ಎ.ವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ, ಮನೆತನದಲ್ಲೇ ಮೊದಲಿಗರಾಗಿ ಪಿಎಚ್.ಡಿ. ಪಡೆದವರು ಅವರು. ಭಾನುವಾರ ರಾತ್ರಿ ಸೋಮವಾರದ ತರಗತಿಯ ಚಿಂತೆ ಹತ್ತಿಕೊಂಡರೆ ಬೆಳಗಿನವರೆಗೂ ಬಿಡುತ್ತಿರಲಿಲ್ಲ. “ನನಗ ಪಾಠಾ ಮಾಡಾಕ ಬರೂದಿಲ್ಲಂತ ಎಲ್ಲಾರಿಗೂ ಗೊತ್ತಾಗೇತ್ರೀ” ಎಂದರು. ಯಾರು ಹಾಗೆ ಹೇಳಿದರು ಎಂದು ಕೇಳಿದಾಗ, ಯಾರೂ ಹೇಳಿಲ್ಲವೆಂದು ಅವರೇ ಒಪ್ಪಿಕೊಂಡರು.

ಎರಡನೆಯ ಭೇಟಿಗೆ ಅವರು ದಪ್ಪನೆಯ ಒಂದು ಫೈಲು ಹಿಡಿದುಕೊಂಡು ಬಂದರು. ಪ್ಲಾಸ್ಟಿಕ್ ಹಾಳೆಗಳ ಒಳಗೆ ಓರಿಯಂಟೇಷನ್ ಕೋರ್ಸು, ರಿಫ್ರೆಶರ್ ಕೋರ್ಸು, ವಾರದ ಆನ್‌ಲೈನ್ ಎಫ್‌ಡಿಪಿಗಳು (ಅಧ್ಯಾಪಕರ ಸಾಮರ್ಥ್ಯಾಭಿವೃದ್ಧಿ ಕಾರ್ಯಕ್ರಮಗಳು), ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದ ಕೋರ್ಸು ಹೀಗೆ ಎಲ್ಲದರ ಪ್ರಮಾಣಪತ್ರಗಳೂ ದಿನಾಂಕದ ಕ್ರಮದಲ್ಲಿದ್ದವು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ, ಪಿಎಚ್.ಡಿ. ಇರುವ ಸಹಾಯಕ ಪ್ರಾಧ್ಯಾಪಕರು 10ನೇ ಶೈಕ್ಷಣಿಕ ಹಂತದಿಂದ 11ನೇ ಹಂತಕ್ಕೆ, ಅಂದರೆ ಮೇಲಿನ ವೇತನ ಶ್ರೇಣಿಗೆ, ಏರಲು ನಾಲ್ಕು ವರ್ಷದ ಸೇವೆಯ ಜೊತೆಗೆ 21 ದಿನಗಳ ಓರಿಯಂಟೇಷನ್ ಕೋರ್ಸನ್ನೂ, ರಿಫ್ರೆಶರ್ ಅಥವಾ ಎಫ್‌ಡಿಪಿಯಂತಹ ಇನ್ನೊಂದನ್ನೂ ಮುಗಿಸಿರಬೇಕು. ಆ ಲೆಕ್ಕಕ್ಕೆ ಬೇಕಾದದ್ದು ಶ ಅವರ ಫೈಲಿನಲ್ಲಿ ಎಂದೋ ಸೇರಿತ್ತು. ಆದರೂ ಅವರು ಕ್ಯಾಮೆರಾ ಆರಿಸಿ, ಮ್ಯೂಟ್ ಮಾಡಿಟ್ಟು, ಕೊನೆಗೆ ಫೀಡ್‌ಬ್ಯಾಕ್ ಫಾರ್ಮ್ ತುಂಬಿ ಪ್ರಮಾಣಪತ್ರ ಇಳಿಸಿಕೊಳ್ಳುವುದನ್ನು ನಿಲ್ಲಿಸಿರಲಿಲ್ಲ. ಪ್ರತಿಯೊಂದು ಪತ್ರವೂ ಒಂದೆರಡು ದಿನ ಭಯವನ್ನು ತಗ್ಗಿಸುತ್ತಿತ್ತು, ಅಷ್ಟೇ.

ಆ ಫೈಲಿನ ತಳದಲ್ಲಿದ್ದ ಒಂದೇ ಹಾಳೆ ನನಗೆ ಹೆಚ್ಚು ಮುಖ್ಯವೆನಿಸಿತು. ಅದು ವಿಭಾಗದ ‘ಮೆಂಟರಿಂಗ್ ವರದಿ’, ಅಂದರೆ ಮಾರ್ಗದರ್ಶನದ ವರದಿ. ಮೆಂಟರ್ ಎಂದು ನಮೂದಾಗಿದ್ದವರು ವಿಭಾಗದ ಮುಖ್ಯಸ್ಥರು. ಭೇಟಿಗಳ ದಿನಾಂಕಗಳು ಬೇರೆ ಬೇರೆ ತಿಂಗಳುಗಳದ್ದಾಗಿದ್ದರೂ ಎಲ್ಲ ಸಹಿಗಳ ಶಾಯಿ ಒಂದೇ, ಓರೆಯೂ ಒಂದೇ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುನ್ನ ಒಂದೇ ಕೂರಿಕೆಯಲ್ಲಿ ಅವೆಲ್ಲ ಬಿದ್ದಿದ್ದವು. ನಿಜವಾಗಿ ನಡೆದ ಮಾತುಕತೆ ಒಂದೇ ಒಂದು, ಅದೂ ಕಾರಿಡಾರಿನಲ್ಲಿ: “ಪಿ.ಜಿ. ಕ್ಲಾಸಿನಾಗ ಕನ್ನಡದಾಗ ಪಾಠಾ ಮಾಡ್ತೀರಂತಲ್ಲ?” ಮುಖ್ಯಸ್ಥರು ನಗುತ್ತಲೇ ಕೇಳಿದ್ದರಂತೆ. ಶ ಮರುದಿನದಿಂದಲೇ ಇಂಗ್ಲಿಷ್ ಸ್ಲೈಡುಗಳನ್ನು ಓದತೊಡಗಿದರು. ಹಳ್ಳಿಯ ಕಾಲೇಜುಗಳಿಂದ ಬಂದಿದ್ದ ಅರ್ಧಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಶ್ನೆ ಕೇಳುವುದನ್ನು ಬಿಟ್ಟರು, ಆ ಮೌನವನ್ನು ಇವರು ತಮ್ಮ ಅಸಾಮರ್ಥ್ಯದ ಸಾಕ್ಷಿಯೆಂದು ಓದಿಕೊಂಡರು.

ನನ್ನ ಅಂದಾಜಿನಲ್ಲಿ ಇದು ಅಸಮರ್ಥ ಅಧ್ಯಾಪಕರೊಬ್ಬರ ಪ್ರಕರಣವಲ್ಲ, ಕಾಯಿಲೆಯ ಮಟ್ಟ ಮುಟ್ಟಿದ ಆತಂಕವೂ ಅಲ್ಲ. ಸಿಎಎಸ್ ಎಂಬ ವೃತ್ತಿ ಬಡ್ತಿ ಯೋಜನೆಯ ಅರ್ಜಿಗೆ ಸಹಿ ಹಾಕುವವರ ಎದುರು “ನನಗೆ ಇದು ಬರುತ್ತಿಲ್ಲ” ಎಂದು ಹೇಳಿಕೊಳ್ಳುವಷ್ಟು ಧೈರ್ಯವನ್ನು ಯಾವ ಕಿರಿಯ ಅಧ್ಯಾಪಕರಿಂದಲೂ ನಿರೀಕ್ಷಿಸಬಾರದು. ಮೌಲ್ಯಮಾಪಕರನ್ನೇ ಮಾರ್ಗದರ್ಶಕರನ್ನಾಗಿ ನೇಮಿಸಿದ ವ್ಯವಸ್ಥೆಯೇ ಇಲ್ಲಿನ ಮೂಲ ತೊಡಕು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಅಧ್ಯಾಪಕರ ತರಬೇತಿಗಾಗಿ ಹುಟ್ಟಿದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಮುಂದೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆನಿಸಿ, 2023ರಲ್ಲಿ ಆರಂಭವಾದ ಮಾಳವೀಯ ಮಿಷನ್ನಿನ ಹೆಸರು ಪಡೆದಿವೆ. ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳ ಕೇಂದ್ರಗಳಲ್ಲಿ ತರಬೇತಿ ಪಡೆದ ಹಿರಿಯರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ, ಅಲ್ಲಿ ಕಲಿಯುವುದು ಇಲ್ಲವೆಂದಲ್ಲ. ಆದರೆ ಅಲ್ಲಿ ಅಧ್ಯಾಪಕರು ಶಿಬಿರಾರ್ಥಿಗಳಾಗಿ ಕೂರುತ್ತಾರೆ, ಅವರವರ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುವ ಕೆಲಸ ಬೇರೊಬ್ಬರದ್ದು. 2020ರ ನೀತಿಯು ರಾಷ್ಟ್ರೀಯ ಮಾರ್ಗದರ್ಶನ ಮಿಷನ್ನಿನ ಮಾತೆತ್ತುವಾಗ ಹಿರಿಯ ಹಾಗೂ ನಿವೃತ್ತ ಅಧ್ಯಾಪಕರನ್ನು, ಅದರಲ್ಲೂ ಭಾರತೀಯ ಭಾಷೆಗಳಲ್ಲಿ ಬೋಧಿಸಬಲ್ಲವರನ್ನು ಒಳಗೊಂಡು ಹೇಳಿದೆ. ಶ ಅವರಿಗೆ ಬೇಕಾಗಿದ್ದವರು ಅಂಥವರೇ.

ನಿದ್ದೆಯ ಬಗ್ಗೆ ಕೊಟ್ಟ ಸಲಹೆ ಸರಳವಾದದ್ದು: ರಾತ್ರಿ ಊಟದ ನಂತರ ಸ್ಲೈಡು ತಿದ್ದಬಾರದು, ಏಳುವ ವೇಳೆ ರಜೆಯ ದಿನವೂ ಒಂದೇ ಇರಬೇಕು, ಕೆಲವು ವಾರಗಳಲ್ಲಿ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕು. ಒಂದು ಸೆಮಿಸ್ಟರ್ ಮುಗಿಯುವವರೆಗೆ ಹೊಸ ಎಫ್‌ಡಿಪಿಗೆ ಹೆಸರು ಕೊಡುವುದು ಬೇಡವೆಂದೂ ಹೇಳಿದೆ. ಇದಕ್ಕೆ ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಅನಂತರ, ಅವರ ಬಡ್ತಿಯೊಂದಿಗೆ ಯಾವ ಸಂಬಂಧವೂ ಇಲ್ಲದ ಹಿರಿಯರೊಬ್ಬರನ್ನು ಹುಡುಕಿಕೊಳ್ಳಲು ಸೂಚಿಸಿದೆ. ಅದೇ ಊರಿನಲ್ಲಿದ್ದ ನಿವೃತ್ತ ಇತಿಹಾಸ ಪ್ರಾಧ್ಯಾಪಕರೊಬ್ಬರ ಹೆಸರನ್ನು ಅವರೇ ಹೇಳಿದರು. “ನನಗೆ ಮಾರ್ಗದರ್ಶನ ಮಾಡಿ” ಎಂದು ಕೇಳಿದರೆ ದೊಡ್ಡವರು ಆಶೀರ್ವಾದ ಮಾಡಿ ಕಳಿಸುತ್ತಾರೆ. ಆದ್ದರಿಂದ ಕೇಳುವುದನ್ನು ಚಿಕ್ಕದಾಗಿ, ಖಚಿತವಾಗಿ ಕೇಳಬೇಕೆಂದೆ: ಒಂದು ಗಂಟೆ ತರಗತಿಯಲ್ಲಿ ಕೂತು, ವಿದ್ಯಾರ್ಥಿಗಳು ಎಲ್ಲಿ ಪೆನ್ನು ಕೆಳಗಿಡುತ್ತಾರೆಂಬುದನ್ನು ಮಾತ್ರ ನೋಡಿ ಹೇಳುವಿರಾ? ಹದಿನೈದು ದಿನಕ್ಕೊಮ್ಮೆ ಭೇಟಿ, ಮಾತು ಇಬ್ಬರಲ್ಲೇ ಉಳಿಯಬೇಕು, ಕಡತಕ್ಕಾಗಿ ಏನನ್ನೂ ಬರೆಯಬಾರದು, ಸೆಮಿಸ್ಟರ್ ಮುಗಿದರೆ ಒಪ್ಪಂದವೂ ಮುಗಿಯಿತು. ಹೀಗೆ ಮೊದಲೇ ಗಡಿ ಹಾಕಿಕೊಂಡರೆ ಇಬ್ಬರಿಗೂ ಮುಜುಗರವಿರುವುದಿಲ್ಲ.

ಮುಖ್ಯಸ್ಥರ ಮೇಲೆ ಕುಲಸಚಿವರಿಗೆ ದೂರು ಕೊಡುವ ಯೋಚನೆ ಶ ಅವರಿಗಿತ್ತು. ಅದನ್ನು ಸದ್ಯಕ್ಕೆ ಬೇಡವೆಂದೆ, ಯಾಕೆಂದರೆ ಕೈಯಲ್ಲಿದ್ದದ್ದು ನಗುತ್ತ ಆಡಿದ ಒಂದು ಮಾತು ಮತ್ತು ತಾವೂ ಸಹಿ ಹಾಕಿದ್ದ ಒಂದು ವರದಿ. ಅದರ ಬದಲು, ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೇ ಬೋರ್ಡಿಗೆ ಬರೆದು ವಿವರಣೆಯನ್ನು ಎರಡೂ ಭಾಷೆಗಳಲ್ಲಿ ಕೊಡಲು ಆಕ್ಷೇಪವಿದೆಯೇ ಎಂದು ಮುಖ್ಯಸ್ಥರನ್ನೇ ನೇರವಾಗಿ ಕೇಳುವಂತೆ ಸಲಹೆ ಕೊಟ್ಟೆ. ಮುಖ್ಯಸ್ಥರಿಗೆ ಹಿಂದಿನ ಮಾತು ನೆನಪೇ ಇರಲಿಲ್ಲ. “ಹಂಗೇ ಮಾಡ್ರಿ, ರಿಸಲ್ಟ್ ಬಂದ್ರಾತು” ಎಂದರಂತೆ.

ನಿವೃತ್ತ ಪ್ರಾಧ್ಯಾಪಕರು ಬಂದು ಕೂತ ದಿನ ಪಾಠ ಬೇಡಿಕೆಯ ಸ್ಥಿತಿಸ್ಥಾಪಕತ್ವದ್ದು, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದರದ್ದು. ಉಪ್ಪಿನ ಬೆಲೆ ಎರಡು ಪಟ್ಟಾದರೆ ಮನೆಯಲ್ಲಿ ಉಪ್ಪು ಕಡಿಮೆ ತಿನ್ನುತ್ತೀರಾ, ಈರುಳ್ಳಿಯಾದರೆ ಏನು ಮಾಡುತ್ತೀರಿ ಎಂದು ಶ ಕೇಳಿದಾಗ ತರಗತಿ ಸ್ವಲ್ಪ ಅಲುಗಾಡಿತು. ಪಾಠ ಮುಗಿದ ಮೇಲೆ ಆ ಹಿರಿಯರು ಹೇಳಿದ್ದು ಇಷ್ಟೇ: “ಪ್ರಶ್ನೆ ಕೇಳಿ ನೀವ ಉತ್ತರಾ ಹೇಳಿಬಿಡ್ತೀರಿ. ಹತ್ತು ಎಣಿಸೂತನಕ ಸುಮ್ಮನಿರ್ರಿ.” ನೌಕರಿಗೆ ಸೇರಿದಂದಿನಿಂದ ತಮ್ಮ ಪಾಠದ ಬಗ್ಗೆ, ಅದನ್ನು ನೋಡಿ ಯಾರಾದರೂ ಹೇಳಿದ ಮೊದಲ ಮಾತು ಅದು ಎಂದು ಶ ನನಗೆ ತಿಳಿಸಿದರು.

ಈಗ ನಿದ್ದೆ ಬಹುಮಟ್ಟಿಗೆ ಸರಿಯಾಗಿದೆ, ಭಾನುವಾರದ ರಾತ್ರಿ ಮಾತ್ರ ಇನ್ನೂ ತಡವಾಗುತ್ತದೆ. ಬಡ್ತಿಯ ಅರ್ಜಿ ಅದೇ ಮುಖ್ಯಸ್ಥರ ಮೇಜಿಗೆ ಹೋಗಬೇಕಾಗಿದೆ. ಅದಕ್ಕೆ ಮುಂಚೆ ಒಮ್ಮೆ ಭೇಟಿಯಾಗುವುದೆಂದು ಮಾತಾಗಿದೆ. ಸೆಮಿಸ್ಟರ್ ಮುಗಿದೊಡನೆ ಒಂದು ಎಫ್‌ಡಿಪಿಗೆ ಹೆಸರು ಕೊಟ್ಟಿದ್ದಾರೆ. ವಿಷಯ ಪ್ರಶ್ನೆಪತ್ರಿಕೆ ರಚನೆ ಎಂದು ತಿಳಿದ ಮೇಲೆ, ಅವರಿಗೆ ನಿಜಕ್ಕೂ ಬೇಕಾದದ್ದೇ ಆಗಿದ್ದರಿಂದ, ನಾನು ಅಡ್ಡಿ ಹೇಳಲಿಲ್ಲ.