ಗುಜರಿಯ ಸಿಗ್ನಲ್ ಜನರೇಟರ್: ಕೊಳ್ಳೋದಾ, ಬಿಡೋದಾ?

ಪ್ರಶ್ನೆ: ಬೆಳಗಾವಿಯ ಗುಜರಿ ಅಂಗಡಿಯಲ್ಲಿ ಲೀಡರ್ ಎಲ್‌ಎಸ್‌ಜಿ-11 ಸಿಗ್ನಲ್ ಜನರೇಟರ್ (ರೇಡಿಯೋ ಪರೀಕ್ಷೆಗೆ ಬೇಕಾದ ಫ್ರೀಕ್ವೆನ್ಸಿಯ ಸಿಗ್ನಲ್ ಕೊಡುವ ಯಂತ್ರ) ನೋಡಿದೆ. ವಾಲ್ವ್ (ಗಾಜಿನ ಟ್ಯೂಬ್) ಕಾಲದ್ದು. ಮೂರು ಸಾವಿರ ಹೇಳುತ್ತಿದ್ದಾರೆ. ಮನೆಯಲ್ಲಿ ನಾಲ್ಕೈದು ಹಳೇ ರೇಡಿಯೋ ಇವೆ, ರಿಪೇರಿ ಕಲಿಯೋ ಆಸೆ. ತಗೊಳ್ಳಲಾ?
– ಓದುಗರು, ಜಮಖಂಡಿ

ಉತ್ತರ: ತಗೊಳ್ಳಬಹುದು. ಆದರೆ ಅಂಗಡಿಯಲ್ಲೇ ಪ್ಲಗ್ ಹಾಕಿಸಿ ದೀಪ ಹತ್ತಿತು ಅಂತ ಖುಷಿಪಡಬೇಡಿ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದ ಯಂತ್ರಕ್ಕೆ ಒಮ್ಮೆಗೇ 230 ವೋಲ್ಟ್ ಕೊಟ್ಟರೆ ಒಣಗಿದ ಕೆಪಾಸಿಟರ್ ಹೋಗುತ್ತದೆ. ಅದರ ಜೊತೆ ಟ್ರಾನ್ಸ್‌ಫಾರ್ಮರೂ ಹೋಗಬಹುದು. ಇದು ಜಪಾನಿನ ಮಾಲು, ಹಾಗಾಗಿ ಹಿಂದಿನ ಪಟ್ಟಿಯಲ್ಲಿ ಎಷ್ಟು ವೋಲ್ಟ್ ಬರೆದಿದೆ ನೋಡಿ. 100 ಅಥವಾ 117 ಇದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಅಂಗಡಿಯಲ್ಲಿ ನೋಡಬೇಕಾದ್ದು ಬೇರೆ. ಡಯಲ್ ಜಾರದೆ ತಿರುಗುತ್ತದಾ? ಫ್ರೀಕ್ವೆನ್ಸಿಯ ಶ್ರೇಣಿ ಬದಲಿಸುವ ಬ್ಯಾಂಡ್ ಸ್ವಿಚ್ ಪ್ರತಿ ಹೆಜ್ಜೆಗೂ ಗಟ್ಟಿಯಾಗಿ ಕೂರುತ್ತದಾ? ಪೆಟ್ಟಿಗೆ ಬಿಚ್ಚಲು ಬಿಟ್ಟರೆ ಕಾಯಿಲ್‌ಗಳನ್ನು ನೋಡಿ. ವಾಲ್ವ್ ಹೋಗಿದ್ದರೆ ಹುಡುಕಿ ತರಬಹುದು, ಕೆಪಾಸಿಟರ್ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಕಾಯಿಲ್ ಮತ್ತು ಬ್ಯಾಂಡ್ ಸ್ವಿಚ್ ಮಾತ್ರ ಇನ್ನೊಂದು ಅಂಥದ್ದೇ ಯಂತ್ರ ಕೊಯ್ದರೇ ಸಿಗೋದು. ಅವೆರಡೂ ಚೆನ್ನಾಗಿದ್ದರೆ ಮೂರು ಸಾವಿರ ಜಾಸ್ತಿಯಲ್ಲ. ಆದರೂ ಚೌಕಾಸಿ ಮಾಡಿ, ಗುಜರಿ ಬೆಲೆ ಇರೋದೇ ಚೌಕಾಸಿಗೆ!

ಮಲ್ಟಿಮೀಟರ್ ಒಯ್ಯಿರಿ. ಔಟ್‌ಪುಟ್ ಸಾಕೆಟ್ಟಿಗೂ ಚಾಸಿಸ್‌ಗೂ (ಒಳಗಿನ ಲೋಹದ ಚೌಕಟ್ಟು) ನಡುವೆ ರೆಸಿಸ್ಟೆನ್ಸ್ ಅಳೆಯುತ್ತಾ ಅಟೆನ್ಯುಯೇಟರ್ (ಸಿಗ್ನಲ್ ಕಡಿಮೆ ಮಾಡುವ ಗುಂಡಿ) ತಿರುಗಿಸಿ. ಪೂರ್ತಿ ಓಪನ್ ತೋರಿಸಿದರೆ, ಹಿಂದಿನವರು ಯಾರೋ ಇದರ ವೈರನ್ನು ನೇರವಾಗಿ ರೇಡಿಯೋ ವಾಲ್ವ್‌ನ ಪ್ಲೇಟ್‌ಗೆ (ಹೆಚ್ಚು ವೋಲ್ಟ್ ಇರುವ ತುದಿ) ಸಿಕ್ಕಿಸಿ ರೆಸಿಸ್ಟರ್ ಸುಟ್ಟಿರುವ ಸಾಧ್ಯತೆ ಇದೆ. ಹಳೇ ಜನರೇಟರ್‌ಗಳಲ್ಲಿ ಇದು ಮಾಮೂಲಿ ರೋಗ.

ಮನೆಗೆ ತಂದ ಮೇಲೆ ಮೊದಲ ಕೆಲಸ ಮೇನ್ಸ್ ವೈರು. ಇಂಥ ಎಷ್ಟೋ ಯಂತ್ರಗಳಲ್ಲಿ ಮೇನ್ಸ್‌ನಿಂದ ಚಾಸಿಸ್‌ಗೆ ಪೇಪರ್ ಕೆಪಾಸಿಟರ್ ಇರುತ್ತದೆ. ಅದು ಸೋರಿದರೆ ಪೆಟ್ಟಿಗೆ ಮುಟ್ಟಿದವರಿಗೆ ಶಾಕ್. ಅದರ ಜಾಗಕ್ಕೆ ವೈ ದರ್ಜೆಯ ಸೇಫ್ಟಿ ಕೆಪಾಸಿಟರ್ ಹಾಕಿ. ಎರಡು ಪಿನ್ನಿನ ವೈರು ಕಿತ್ತು ಮೂರು ಪಿನ್ನಿನದು ಹಾಕಿ, ಅರ್ಥಿಂಗನ್ನು ಚಾಸಿಸ್‌ಗೆ ಬಿಗಿಯಿರಿ. ಮೊದಲ ಸಲ ಆನ್ ಮಾಡುವಾಗ 40 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿ ಇಡಿ. ಬಲ್ಬ್ ಮಿನುಗಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ತಕ್ಷಣ ತೆಗೆಯಿರಿ, ಒಳಗೆ ಶಾರ್ಟ್ ಇದೆ.

ಬೆಳಗಾವಿ ಮಳೆಯಲ್ಲಿ ಇದ್ದ ಯಂತ್ರದ ಸ್ವಿಚ್ ಕಾಂಟ್ಯಾಕ್ಟುಗಳು ಕಪ್ಪಾಗಿರುತ್ತವೆ. ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಸಾಕು. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿ ಕಾಯಿಲ್ ನೆನೆಸಬೇಡಿ.

ಪ್ರಶ್ನೆ: ನನ್ನ ಹಳೇ ಜನರೇಟರಿನ ಡಯಲ್ ನಂಬಬಹುದಾ? ಫ್ರೀಕ್ವೆನ್ಸಿ ಕೌಂಟರ್ ನನ್ನ ಹತ್ತಿರ ಇಲ್ಲ.
– ಓದುಗರು, ವಿಜಯಪುರ

ಉತ್ತರ: ಕೌಂಟರ್ ಇಲ್ಲದಿದ್ದರೇನು, ಧಾರವಾಡ ಆಕಾಶವಾಣಿ ಇದೆ ಅಲ್ವಾ? ಅದರ ಮೀಡಿಯಂ ವೇವ್ 765 ಕಿಲೋಹರ್ಟ್ಸ್. ಪ್ರಸಾರ ಕೇಂದ್ರದ ಫ್ರೀಕ್ವೆನ್ಸಿ ನಿಮ್ಮ ಡಯಲ್‌ಗಿಂತ ಎಷ್ಟೋ ಪಾಲು ನಿಖರ.

ಜನರೇಟರನ್ನು ಅರ್ಧ ಗಂಟೆ ಆನ್ ಮಾಡಿಡಿ. ವಾಲ್ವ್ ಬಿಸಿಯಾಗುವ ತನಕ ಫ್ರೀಕ್ವೆನ್ಸಿ ಸರಿಯುತ್ತಲೇ ಇರುತ್ತದೆ. ರೇಡಿಯೋದಲ್ಲಿ ಧಾರವಾಡ ಹಿಡಿಯಿರಿ. ಜನರೇಟರಿನ ಮಾಡ್ಯುಲೇಷನ್ (ಸಿಗ್ನಲ್‌ಗೆ ಗುಂಯ್ ಸದ್ದು ಸೇರಿಸುವುದು) ಆಫ್ ಮಾಡಿ, ಔಟ್‌ಪುಟ್ ವೈರನ್ನು ರೇಡಿಯೋ ಪಕ್ಕ ಸುಮ್ನೆ ಇಡಿ. ಡಯಲ್ ನಿಧಾನ ತಿರುಗಿಸಿದರೆ ಕೀರಲು ಶಿಳ್ಳೆ ಕೇಳುತ್ತದೆ. ಅದು ದಪ್ಪಗಾಗುತ್ತಾ ಹೋಗಿ ನಿಲ್ಲುತ್ತದೆ, ಆಮೇಲೆ ಮತ್ತೆ ಏರುತ್ತದೆ. ನಿಂತ ಜಾಗವೇ 765. ಇದನ್ನು ಜೀರೋ ಬೀಟ್ ಅನ್ನುತ್ತಾರೆ.

ಮಜಾ ಇರೋದು ಮುಂದೆ. ಜನರೇಟರ್ ಒಂದೇ ಫ್ರೀಕ್ವೆನ್ಸಿ ಕೊಡುವುದಿಲ್ಲ, ಅದರ ಎರಡು, ಮೂರು, ಐದು ಪಟ್ಟಿನವೂ ಸಣ್ಣಗೆ ಹೊರಡುತ್ತವೆ. ಹಾಗಾಗಿ ರೇಡಿಯೋ ಅಲ್ಲಾಡಿಸದೆ ಜನರೇಟರನ್ನು 382.5ಕ್ಕೆ ಇಳಿಸಿದರೂ ಅದೇ ಶಿಳ್ಳೆ. 255ರಲ್ಲೂ, 153ರಲ್ಲೂ ಅಷ್ಟೇ. ಒಂದೇ ಸ್ಟೇಷನ್ನಿನಿಂದ ನಾಲ್ಕು ಗುರುತು ಸಿಕ್ಕವು. ರಾತ್ರಿ ಬೆಂಗಳೂರು 612 ಬಂದರೆ 306, 204 ಕೂಡ ಸಿಗುತ್ತವೆ.

ನಿಮಗೆ ಮುಖ್ಯವಾಗಿ ಬೇಕಾದ್ದು 455. ಎಷ್ಟೋ ರೇಡಿಯೋಗಳು ಹಿಡಿದ ಸ್ಟೇಷನ್ನನ್ನು ಒಳಗೆ ಈ ಫ್ರೀಕ್ವೆನ್ಸಿಗೆ ಬದಲಿಸಿಕೊಳ್ಳುತ್ತವೆ, ಇದಕ್ಕೆ ಐಎಫ್ ಅನ್ನುತ್ತಾರೆ. ಅದಕ್ಕೆ ಡಿಜಿಟಲ್ ರೇಡಿಯೋ ಬಳಸಿ. ನಮ್ಮಲ್ಲಿ ಮೀಡಿಯಂ ವೇವ್ 9ರ ಹೆಜ್ಜೆಯಲ್ಲಿ ಇರುವುದರಿಂದ 909 ಹಿಡಿಯಬಹುದು. ಈಗ ಮಾಡ್ಯುಲೇಷನ್ ಆನ್ ಮಾಡಿ, ಜನರೇಟರ್ ಡಯಲ್‌ನ 455ರ ಆಸುಪಾಸಿನಲ್ಲಿ ಗುಂಯ್ ಸದ್ದು ಅತಿ ಸ್ವಚ್ಛವಾಗಿ ಕೇಳುವ ಜಾಗ ಹುಡುಕಿ. ಅಲ್ಲಿ ಜನರೇಟರ್ 454.5ರಲ್ಲಿ ಇರುತ್ತದೆ, ಅದರ ಎರಡು ಪಟ್ಟೇ 909. ಹಳೇ ರೇಡಿಯೋಗೆ ಅರ್ಧ ಕಿಲೋಹರ್ಟ್ಸ್ ಲೆಕ್ಕಕ್ಕಿಲ್ಲ.

ಪ್ರಶ್ನೆ: ಅಜ್ಜನ ವಾಲ್ವ್ ರೇಡಿಯೋದಲ್ಲಿ ಧಾರವಾಡ ಬಿಟ್ಟು ಬೇರೇನೂ ಬರೋದಿಲ್ಲ, ಅದೂ ಡಯಲ್‌ನಲ್ಲಿ ಬೇರೆ ಜಾಗದಲ್ಲಿ. ಜನರೇಟರ್ ಸಿಕ್ಕಿದೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ಗೋಕಾಕ

ಉತ್ತರ: ಸ್ಕ್ರೂಡ್ರೈವರ್ ಕೆಳಗಿಡಿ. ಹಳೇ ಪೇಪರ್ ಕೆಪಾಸಿಟರ್‌ಗಳನ್ನು ಮೊದಲು ಬದಲಿಸಿ, ದುರ್ಬಲ ರೇಡಿಯೋಗಳಲ್ಲಿ ಅರ್ಧಕ್ಕರ್ಧ ಅಲ್ಲೇ ಸರಿಹೋಗುತ್ತವೆ. ಪವರ್ ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟಾದರೆ ಚಾಸಿಸ್‌ನಲ್ಲೇ ಕರೆಂಟ್ ಇರಬಹುದು. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಜನರೇಟರ್ ಜೋಡಿಸಲೇಬೇಡಿ.

ಆಮೇಲೆ ಐಎಫ್. ಎಲ್ಲಾ ಸೆಟ್ಟುಗಳೂ 455 ಅಲ್ಲ, 465, 470 ಇರುವವೂ ಇವೆ. ಹಿಂದಿನ ಚೀಟಿ ಓದಿ. ಜನರೇಟರ್ ವೈರಿಗೆ 0.1 ಮೈಕ್ರೋಫ್ಯಾರಡ್, 630 ವೋಲ್ಟಿನ ಕೆಪಾಸಿಟರ್ ಸೇರಿಸಿ ಮಿಕ್ಸರ್ (ಸ್ಟೇಷನ್ನನ್ನು ಐಎಫ್‌ಗೆ ಬದಲಿಸುವ ವಾಲ್ವ್) ಗ್ರಿಡ್‌ಗೆ ಕೊಡಿ. ಸ್ಪೀಕರಿಗೆ ಎಸಿ ವೋಲ್ಟ್‌ಮೀಟರ್ ಹಚ್ಚಿ. ಕೊನೆಯ ಐಎಫ್ ಕ್ಯಾನ್‌ನಿಂದ (ಐಎಫ್ ಕಾಯಿಲ್ ಇರುವ ಲೋಹದ ಡಬ್ಬಿ) ಶುರು ಮಾಡಿ ಹಿಂದಕ್ಕೆ ಬನ್ನಿ, ಮೀಟರ್ ಹೆಚ್ಚು ತೋರಿಸುವ ಹಾಗೆ ತಿರುಗಿಸಿ. ಸಿಗ್ನಲ್ ಮಾತ್ರ ಆದಷ್ಟು ಕಡಿಮೆ ಇರಲಿ. ಜೋರಾಗಿ ಕೊಟ್ಟರೆ ರೇಡಿಯೋದ ಎವಿಸಿ (ಸದ್ದನ್ನು ತಾನಾಗಿ ಸಮ ಮಾಡುವ ವ್ಯವಸ್ಥೆ) ಅದನ್ನು ಅದುಮಿಬಿಡುತ್ತದೆ, ತುದಿ ಎಲ್ಲಿ ಅಂತ ಗೊತ್ತಾಗುವುದಿಲ್ಲ. ಲೋಹದ ಸ್ಕ್ರೂಡ್ರೈವರ್ ಬೇಡ, ಹತ್ತಿರ ಬಂದರೇ ಟ್ಯೂನಿಂಗ್ ಕದಲುತ್ತದೆ. ಪ್ಲಾಸ್ಟಿಕ್ ಕಡ್ಡಿ ಅಥವಾ ಚೂಪು ಮಾಡಿದ ಬಿದಿರು ಸಾಕು.

ಕೊನೆಗೆ ಡಯಲ್. 1400 ಕಿಲೋಹರ್ಟ್ಸ್‌ನಲ್ಲಿ ಆಸಿಲೇಟರ್ ಟ್ರಿಮ್ಮರ್, 600ರಲ್ಲಿ ಪ್ಯಾಡರ್ ಅಥವಾ ಕಾಯಿಲ್‌ನ ಕೋರ್ ತಿರುಗಿಸಿ (ಟ್ರಿಮ್ಮರ್, ಪ್ಯಾಡರ್ ಅಂದರೆ ತಿರುಗಿಸಿ ಹೊಂದಿಸುವ ಸಣ್ಣ ಕೆಪಾಸಿಟರ್‌ಗಳು). ಒಂದನ್ನು ಮುಟ್ಟಿದರೆ ಇನ್ನೊಂದು ಕದಲುತ್ತದೆ. ಆದ್ದರಿಂದ ಎರಡೂ ಕೂರುವ ತನಕ ಅದಲುಬದಲು ಮಾಡುತ್ತಿರಿ.

ಪ್ರಶ್ನೆ: ಸಂಗ್ರಹಕ್ಕೆ ಹ್ಯೂಲೆಟ್ ಪ್ಯಾಕರ್ಡ್, ಮಾರ್ಕೋನಿ ಜನರೇಟರ್ ಹುಡುಕುತ್ತಿದ್ದೇನೆ. ಅವು ನಿಜಕ್ಕೂ ಅಷ್ಟು ಒಳ್ಳೆಯವಾ? ಇವಕ್ಕೆ ಆಂಟೆನಾ ಹಾಕಿ ಊರಿಗೆಲ್ಲ ಹಾಡು ಕೇಳಿಸಬಹುದಾ?
– ಓದುಗರು, ಬಾಗಲಕೋಟೆ

ಉತ್ತರ: ಒಳ್ಳೆಯವೇ. ಮಾರ್ಕೋನಿ ಟಿಎಫ್ 144ಜಿ 85 ಕಿಲೋಹರ್ಟ್ಸ್‌ನಿಂದ 25 ಮೆಗಾಹರ್ಟ್ಸ್‌ವರೆಗೆ ಕೊಡುತ್ತದೆ, ಎಚ್‌ಪಿ 606ಎ 50 ಕಿಲೋಹರ್ಟ್ಸ್‌ನಿಂದ 65 ಮೆಗಾಹರ್ಟ್ಸ್‌ವರೆಗೆ. 606ಎಯ ಔಟ್‌ಪುಟ್ 3 ವೋಲ್ಟ್‌ನಿಂದ 0.1 ಮೈಕ್ರೋವೋಲ್ಟ್‌ವರೆಗೆ ಇಳಿಯುತ್ತದೆ. ಜಾಸ್ತಿ ಬೆಲೆ ಕೊಡೋದು ಈ ಇಳಿತಕ್ಕೇ. ಅಗ್ಗದ ಸರ್ವಿಸ್ ಜನರೇಟರಿನ ಅಟೆನ್ಯುಯೇಟರನ್ನು ಸೊನ್ನೆಗೆ ತಂದು ಕೇಬಲ್ ಕಿತ್ತರೂ ಪಕ್ಕದ ರೇಡಿಯೋದಲ್ಲಿ ಸದ್ದು ಕೇಳುತ್ತಿರುತ್ತದೆ, ಪೆಟ್ಟಿಗೆಯ ಸಂದಿಯಿಂದಲೇ ಸೋರುತ್ತದೆ. ಕೊಳ್ಳುವ ಮುಂಚೆ ಇದೊಂದು ಪರೀಕ್ಷೆ ಮಾಡಿ. ಹೊತ್ತು ತರಲು ಇಬ್ಬರು ಬೇಕಾಗಬಹುದು, ಟೇಬಲ್ಲೂ ಗಟ್ಟಿ ಇರಲಿ. ರೇಡಿಯೋ ರಿಪೇರಿಗಷ್ಟೇ ಆದರೆ ಜಮಖಂಡಿಯವರು ನೋಡಿದಂಥ ಸಣ್ಣದೇ ಸಾಕು.

ಆಂಟೆನಾ ವಿಚಾರ: ಬೇಡ. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಅಪರಾಧ. ಗಾಳಿಯಲ್ಲಿ ಮಾತಾಡುವ ಆಸೆ ಇದ್ದರೆ ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಬರೆಯಿರಿ, ಆದರೆ ಅಲ್ಲೂ ಹಾಡು ಹಾಕುವಂತಿಲ್ಲ.