ನಮ್ಮ ಮಲ್ಟಿಕಾಸ್ಟ್ ವಿಡಿಯೋ (ಒಂದೇ ಸ್ಟ್ರೀಮ್ ಒಟ್ಟಿಗೆ ಹಲವರಿಗೆ) ನೋಡುವವರು ಕೆಲವೇ ಬ್ರಾಂಚ್‌ಗಳಲ್ಲಿದ್ದಾರೆ, ಆದರೂ 3 ನಿಮಿಷಕ್ಕೊಮ್ಮೆ ಬ್ರಾಂಚ್ ಲಿಂಕ್ ತುಂಬುತ್ತಿದೆ, ಡೆನ್ಸ್ ಮೋಡ್ ಬಿಡಬೇಕಾ?

ಬಹುಶಃ ಡೆನ್ಸ್ ಮೋಡೇ ಕಾರಣ. ಮಲ್ಟಿಕಾಸ್ಟ್ ಅನ್ನು ರೌಟರ್‌ಗಳ ನಡುವೆ ಸಾಗಿಸುವ ಪಿಮ್ ಪ್ರೋಟೋಕಾಲ್‌ನ ಒಂದು ವಿಧಾನ ಇದು. ಅದು ವಿಡಿಯೋವನ್ನು ಮೊದಲು ಎಲ್ಲ ಕಡೆಗೂ ಸುರಿಯುತ್ತದೆ, ಬೇಡ ಅಂದ ಕಡೆಗೆ ಆಮೇಲೆ ನಿಲ್ಲಿಸುತ್ತದೆ. ಆ 'ಬೇಡ', ಅಂದರೆ ಪ್ರೂನ್, ಸಾಮಾನ್ಯವಾಗಿ ಸುಮಾರು 3 ನಿಮಿಷಕ್ಕೆ ಮುಗಿಯುತ್ತದೆ. ಮತ್ತೆ ಅದೇ ಕಥೆ. ನೋಡುವವರು ಕೆಲವೇ ಬ್ರಾಂಚ್‌ಗಳಲ್ಲಿ ಇದ್ದಾರೆ ಅಂದಿದ್ದೀರಿ, ಹಾಗಾಗಿ ಡೆನ್ಸ್ ಮೋಡ್ ಬಿಟ್ಟುಬಿಡಿ.

ಮೊದಲು ನಿಮ್ಮ ಪ್ಲೇಯರ್‌ಗಳಿಗೆ ಐಜಿಎಂಪಿ (ಯಾವ ಸ್ಟ್ರೀಮ್ ಬೇಕೆಂದು ಪ್ಲೇಯರ್ ರೌಟರ್‌ಗೆ ಹೇಳುವ ಪ್ರೋಟೋಕಾಲ್) ವರ್ಷನ್ 3 ಬರುತ್ತದಾ ನೋಡಿ. ಬಂದರೆ, ಮೂಲ ಸರ್ವರ್‌ನ ವಿಳಾಸವನ್ನೂ ಅವಕ್ಕೆ ಕೊಡಲು ಆಗುವುದಾದರೆ, ಎಸ್‌ಎಸ್‌ಎಂ ಹಾಕಿ, ಅಂದರೆ ಹೇಳಿದ ಸರ್ವರ್‌ನಿಂದಷ್ಟೇ ಸ್ಟ್ರೀಮ್ ತರಿಸುವ ವಿಧಾನ. ಗ್ರೂಪ್ ವಿಳಾಸ (ಸ್ಟ್ರೀಮ್ ಕಳಿಸುವ ಮಲ್ಟಿಕಾಸ್ಟ್ ವಿಳಾಸ) 232.0.0.0/8 ಒಳಗಿರಲಿ. ರಾಂಡೆವೂ ಪಾಯಿಂಟ್‌ನ, ಅಂದರೆ ಕಳಿಸುವವರನ್ನೂ ನೋಡುವವರನ್ನೂ ಸೇರಿಸುವ ರೌಟರ್‌ನ, ತಲೆನೋವೇ ಇಲ್ಲ.

ಬರದಿದ್ದರೆ ಸ್ಪಾರ್ಸ್ ಮೋಡ್, ಅದು ಕೇಳಿದ ಕಡೆಗಷ್ಟೇ ಕಳಿಸುತ್ತದೆ. ಮಧ್ಯದ ಒಂದು ರೌಟರ್‌ನ ಲೂಪ್‌ಬ್ಯಾಕ್ (ಯಾವ ಲಿಂಕ್‌ಗೂ ಅಂಟಿಕೊಳ್ಳದ, ರೌಟರ್‌ನದೇ) ವಿಳಾಸವನ್ನು ರಾಂಡೆವೂ ಪಾಯಿಂಟ್ ಮಾಡಿ, ಅದನ್ನೇ ಎಲ್ಲ ರೌಟರ್‌ಗಳಲ್ಲೂ ಬರೆಯಿರಿ, ಆ ರೌಟರ್‌ನಲ್ಲೂ. ಇದಾದ ಮೇಲೆಯೇ ಇಂಟರ್‌ಫೇಸ್‌ಗಳನ್ನು ಸ್ಪಾರ್ಸ್‌ಗೆ ಬದಲಿಸಿ, ಜನ ಕಡಿಮೆ ಇರುವ ಹೊತ್ತಲ್ಲಿ. 'ಸ್ಪಾರ್ಸ್-ಡೆನ್ಸ್' ಆಯ್ಕೆ ಕಂಡರೆ ಆಸೆಪಡಬೇಡಿ. ರಾಂಡೆವೂ ಪಾಯಿಂಟ್ ಸಿಗದಿದ್ದಾಗ ಅದು ಸುಮ್ನೆ ಡೆನ್ಸ್‌ಗೆ ವಾಪಸ್ ಹೋಗಿ ಲಿಂಕ್ ತುಂಬಿಸುತ್ತದೆ.

ಆಮೇಲೂ ಚಿತ್ರ ಬರದಿದ್ದರೆ ಆರ್‌ಪಿಎಫ್ ನೋಡಿ, ಅಂದರೆ ಪ್ಯಾಕೆಟ್ ಸರ್ವರ್ ಕಡೆಯ ಇಂಟರ್‌ಫೇಸ್‌ನಿಂದಲೇ ಬಂತಾ ಎಂದು ರೌಟರ್ ಮಾಡುವ ಪರೀಕ್ಷೆ. ಸರ್ವರ್‌ಗೆ ಹೋಗುವ ಯೂನಿಕಾಸ್ಟ್ (ಸಾಮಾನ್ಯ, ಒಬ್ಬರಿಂದ ಒಬ್ಬರಿಗೆ) ದಾರಿ ಪಿಮ್ ಇಲ್ಲದ ಇಂಟರ್‌ಫೇಸ್ ಮೂಲಕ ಇದ್ದರೆ ರೌಟರ್ ಪ್ಯಾಕೆಟ್‌ಗಳನ್ನು ಬಿಸಾಡುತ್ತದೆ. ಆ ಇಂಟರ್‌ಫೇಸ್‌ನಲ್ಲೂ ಪಿಮ್ ಆನ್ ಮಾಡಿ.